ಹಿಡಿಕೆಯ ಭಾರ

ಕುತೈಸಿಯಲ್ಲಿ ಆ ಚಳಿಗಾಲ, ಸಂಜೆ ಐದಕ್ಕೆಲ್ಲ
ಊರಿಗೆ ಊರೇ ಒಂದೇ ಏಟಿಗೆ ಆರುತ್ತಿತ್ತು.
ರಿಯೋನಿ ಹೊಳೆ ಮಾತ್ರ ಕತ್ತಲಲ್ಲೂ ಹರಿದು
ಅಣೆಕಟ್ಟಿಗೆ ತನ್ನ ಪಾಲು ಸಲ್ಲಿಸುತ್ತಿತ್ತು.
ಆ ಪಾಲು ಯಾರ ಮನೆ ಸೇರಿತೋ, ಹೇಳುವವರಿಲ್ಲ.

ಸೇತುವೆಯ ಬುಡದಲ್ಲಿ ಓಟಿಯಾನ ಮಳಿಗೆ.
ಸುಟ್ಟ ಮೋಟಾರಿನ ಹೊಟ್ಟೆ ಬಗೆದು
ಕರಿಕಾದ ತಂತಿ ಕಿತ್ತು
ಹೊಸ ತಾಮ್ರ ಸುತ್ತುವ ಕಸುಬು.
ಇವತ್ತು ಮೇಜಿನ ಮೇಲೆ
ವರ್ಲಾಮನ ಬೇಕರಿಯ ಹಿಟ್ಟು ನಾದುವ ಮೋಟಾರು.
ಒಂದೊಂದು ಸೀಳಿಗೂ ನಲವತ್ತಾರು ಸುತ್ತು.
ಮೂವತ್ತೊಂದು, ಮೂವತ್ತೆರಡು...

"ತಾತ," ಅಂದಳು ಮಗೂಲಿ, ಮೇಣದಬತ್ತಿಯಾಚೆಯಿಂದ,
"ವಿದ್ಯುತ್ಕಾಂತತೆ ಅಂದರೇನು?
ಎರಡು ಸಾಲು ಬರೆದರೆ ಸಾಕಂತೆ."

ಎಣಿಕೆ ತಪ್ಪಿತು.
ಅವನು ಬಯ್ಯಲಿಲ್ಲ. ಬಿಚ್ಚಿದ. ಮೊದಲಿಂದ ಹಿಡಿದ.

ಎರಡು ಸಾಲು!
ನಲವತ್ತು ವರ್ಷ ತಂತಿ ಸುತ್ತಿದವನ ಬಾಯಿಗೆ
ಒಂದು ಸಾಲೂ ಬರಲೊಲ್ಲದು.
ಗೊತ್ತಿದ್ದದ್ದೆಲ್ಲ ಬೆರಳಲ್ಲಿತ್ತು:
ವಾರ್ನಿಶಿನ ಹದ,
ತಾಮ್ರ ಎಷ್ಟು ಎಳೆದರೆ ಮುನಿಯುತ್ತದೆ ಎಂಬುದು.

ಓಟಿಯಾ, ನಿನಗೊಂದು ಹೇಳಬೇಕು.
ನಮ್ಮ ಲಿಪಿಯಲ್ಲಿ ಆ ಪದ ಬರೆವಾಗ
ವಿದ್ಯುತ್ತಿನ ಕಡೆಯ ತಕಾರದ ಕಾಲಡಿ
ಕಾಂತದ ಕಕಾರ ಒತ್ತಾಗಿ ಕೂರುತ್ತದೆ,
ತನ್ನ ದೀರ್ಘವನ್ನೂ ಬಿಚ್ಚಿ ತಕಾರದ ಹೆಗಲಿಗೆ ಕೊಟ್ಟು.
ಯಾರ ದೀರ್ಘ ಯಾರದು, ಆಮೇಲೆ ಕೇಳುವಂತಿಲ್ಲ.
ಚಾರ್ಜಿಗೆ ನಾವು ಆವೇಶ ಅನ್ನುತ್ತೇವೆ,
ಮೈಮೇಲೆ ಬರುವುದಕ್ಕೂ ಅದೇ ಹೆಸರು.
ಸುಮ್ಮನೆ ಕೂತ ಆವೇಶಕ್ಕೆ ಕಾಂತವಿಲ್ಲ;
ಎದ್ದು ನಡೆಯಿತೋ, ಸುತ್ತಲೂ ಒಂದು ಸುಳಿ.
ಅದರ ಪಕ್ಕದಲ್ಲೇ, ಅದೇ ವೇಗದಲ್ಲಿ
ನಾನೂ ನಡೆದರೆ ನನ್ನ ಪಾಲಿಗೆ ಸುಳಿ ಮಾಯ.
ಇದ್ದದ್ದು ಎರಡೋ ಒಂದೋ?
ನಿಂತ ನೆಲವನ್ನು ಕೇಳಬೇಕು.

ಅವನಿಗೆ ಇದೆಲ್ಲ ಕೇಳಿಸಿರಲಾರದು.
ಕಪಾಟಿನಡಿಯಿಂದ ಏನನ್ನೋ ಎಳೆದ:
ಹೊಲಿಗೆ ಯಂತ್ರದ ಚಕ್ರ, ಒಡೆದ ಸ್ಪೀಕರಿನ ಅಯಸ್ಕಾಂತ,
ತಾನೇ ಸುತ್ತಿದ ಸುರುಳಿ.
"ತಿರುಗಿಸು."
ತಿರುಗಿಸಿದಳು. ಚಕ್ರ ಹೂವಿನಷ್ಟು ಹಗುರ,
ಅವಳಿಗೆ ನಗು ಬಂತು.

ಓಟಿಯಾ ಸದ್ದಿಲ್ಲದೆ ಎರಡು ತಂತಿಯ ತುದಿ
ಲಾರಿಯ ಬಲ್ಬಿಗೆ ಮುಟ್ಟಿಸಿದ.

ಹಿಡಿಕೆ ಗಕ್ಕನೆ ಬಿಗಿಯಿತು,
ಆಚೆ ಕಡೆಯಿಂದ ಯಾರೋ ಜಗ್ಗಿದ ಹಾಗೆ.
ಏನೂ ಸಿಕ್ಕಿಕೊಂಡಿರಲಿಲ್ಲ.
ಸುರುಳಿಗೂ ಅಯಸ್ಕಾಂತಕ್ಕೂ ನಡುವೆ
ಕಾಗದ ತೂರುವಷ್ಟು ಬರಿಗಾಳಿ.

"ಯಾರು ಹಿಡಕೊಂಡಿರೋದು?"
"ಬೆಳಕು. ಅದು ಬಿಟ್ಟಿ ಬರೋದಿಲ್ಲ. ನಿಲ್ಲಿಸಬೇಡ."

ಅವಳ ರಟ್ಟೆಯ ಬೆಳಕಲ್ಲಿ
ಅವನ ಕೈ ಮತ್ತೆ ಎಣಿಕೆಗೆ ಇಳಿಯಿತು.
ಅವಳು ಸೋತಾಗ ಗೋಡೆ ಕೆಂಪಾಗುತ್ತಿತ್ತು,
ಹಟ ಹಿಡಿದಾಗ ಬಿಳಿ.
ಬೆವರೊರೆಸಿಕೊಳ್ಳಲು ಒಮ್ಮೆ ಕೈ ಬಿಟ್ಟಳು, ಅಷ್ಟೇ;
ಮೂವತ್ತೆಂಟೋ ಮೂವತ್ತೊಂಬತ್ತೋ ಕತ್ತಲಲ್ಲಿ ಜಾರಿತು.
ಈ ಸಲ ಅವನು ಬಿಚ್ಚಲಿಲ್ಲ.

ನಡುರಾತ್ರಿ ಬೀದಿಯುದ್ದಕ್ಕೂ ಕೂಗು: "ಶುಕಿ ಮೋವಿದಾ!"
ನಾವು ಕರೆಂಟು ಬಂತು ಅನ್ನುವ ಹೊತ್ತಲ್ಲಿ
ಅವರು ಬೆಳಕು ಬಂತು ಅನ್ನುತ್ತಾರೆ.
ಕುಣಿದವು ಮಕ್ಕಳು, ಹಾಡಿದವು ರೇಡಿಯೋಗಳು.
ಮಗೂಲಿ ಹಾಸಿಗೆಯಲ್ಲಿ ಎದ್ದು ಕೂತು
ಉರಿಯುವ ಬಲ್ಬನ್ನೇ ನೋಡಿದಳು.
ಅಲ್ಲಿ ಮೇಲೆ, ಕಣಿವೆಯಲ್ಲಿ,
ಹೊಳೆಯ ತೋಳಿಗೆ ಈಗ ಎಷ್ಟು ಭಾರ!
ಎದ್ದು ಹೋಗಿ ಅಡುಗೆಮನೆಯ ದೀಪ ಆರಿಸಿ ಬಂದಳು.

ನೋಟುಪುಸ್ತಕದಲ್ಲಿ ಎರಡು ಸಾಲು:
ತಿರುಗಿಸಿದರೆ ಉರಿಯುತ್ತದೆ.
ಉರಿದರೆ ತಿರುಗಿಸುವುದು ಕಷ್ಟ.
ಲಮಾರಾ ಟೀಚರು ಕೆಂಪು ಶಾಯಿಯಲ್ಲಿ ಬರೆದರು:
ಪುಸ್ತಕದಲ್ಲಿ ಹೀಗಿಲ್ಲ.
ತುಸು ಹೊತ್ತಿನ ಮೇಲೆ, ಅದರ ಕೆಳಗೆ: ಸರಿ.

ವರ್ಲಾಮನ ಮೋಟಾರು ಇನ್ನೂ ಹಿಟ್ಟು ನಾದುತ್ತಿದೆ.
ಒಂದು ಸೀಳಿನಲ್ಲಿ ನಲವತ್ತೈದೇ ಇರಬೇಕು ಸುತ್ತು;
ಓಡುವಾಗ ಸಣ್ಣಗೆ ಗುಂಯ್‌ಗುಟ್ಟುತ್ತದೆ.