ಒಂದನೇ ನಂಬರಿನ ಹಗ್ಗ

ಕೋಟಿನ ಜೇಬಿನಿಂದ ಚೀಟಿಯೊಂದನ್ನು ತೆಗೆದು
ಸ್ಟ್ರೂವನ್ ಕೇಳುತ್ತಾನೆ: 'ಇದೇನು, ಇಷ್ಬೆಲ್?'
ದಪ್ಪ ರಟ್ಟು, ಕರಿ ಅಂಚು, ಪೆಟ್ಟಿಗೆಯ ನಕ್ಷೆ,
ಸುತ್ತ ಎಂಟು ಚುಕ್ಕಿ,
ಒಂದರ ಪಕ್ಕ ಅವನ ಹೆಸರು.

ಡಂಡೀಯಲ್ಲಿ ನಮ್ಮ ಕಡೆ ಹೀಗೆಯೇ.
ಮಣ್ಣಿಗಿಳಿಸಲು ಎಂಟು ಹಗ್ಗ,
ಯಾರು ಯಾವುದು ಹಿಡಿಯಬೇಕೆಂದು ಮೊದಲೇ ಚೀಟಿ.
ತಲೆಯ ಕಡೆಯದು ಮಗನಿಗೆ.

ಶುಕ್ರವಾರ ಹಿಡಿದಿದ್ದ.
ಕಾಲಿನ ಕಡೆ, ಎದುರಿಗೇ, ನಾನು.
ಅವನ ಕೈ ನಡುಗಲಿಲ್ಲ. ಎಷ್ಟು ಗಟ್ಟಿ ಹುಡುಗ
ಅಂದಳು ಚಿಕ್ಕಮ್ಮ ಮೋರ್ವೆನ್.
ನಾನು ಅವನ ನಾಲಿಗೆ ನೋಡಿದ್ದೆ. ನೀಲಿ,
ಶಾಯಿ ಚೀಪಿದ ಶಾಲೆಯ ಹುಡುಗನ ಹಾಗೆ.

ನೋಡುವುದೇ ನನ್ನ ಕೆಲಸ.
ರಾತ್ರಿ ಪಾಳಿ, ಸತ್ತವರ ರಕ್ತ, ಬೆರಳುದ್ದದ ಸೀಸೆಗಳು.
ಯಂತ್ರದ ತೆರೆಯಲ್ಲಿ ಗೆರೆಯೊಂದು ಚಂಗನೆ ಮೇಲೇಳುತ್ತದೆ,
ದಾಖಲೆಯಲ್ಲಿ ಹುಡುಕುತ್ತೇನೆ. ಇಲ್ಲ. ಅಂಥವರು ಯಾರೂ ಇಲ್ಲ.
ವೈದ್ಯರು ಬರೆದುಕೊಡುವ ಮಾತ್ರೆಯದೇ ಮೈಕಟ್ಟು, ಅವೇ ಉಂಗುರಗಳು,
ಕ್ಲೋರಿನ್ ಕೂರುತ್ತಿದ್ದ ಕುರ್ಚಿಯಲ್ಲಿ ಮಾತ್ರ
ಬ್ರೋಮಿನ್, ಕಾಲ ಮೇಲೆ ಕಾಲು ಹಾಕಿಕೊಂಡು.

ಕಾನೂನು ಚಾಪೆ ಕೆಳಗೆ ತೂರಿದರೆ
ಎಲ್ಲೋ ಒಬ್ಬ ರಂಗೋಲಿ ಕೆಳಗೆ.
ಹೆಸರು ಪಟ್ಟಿಗೆ ಸೇರುವ ಹೊತ್ತಿಗೆ
ಆ ಹೆಸರಿನವನು ಊರು ಬಿಟ್ಟಿರುತ್ತಾನೆ,
ಅವನ ನೀಲಿ ಅಂಗಿಯನ್ನೇ ತೊಟ್ಟು ಇನ್ನೊಬ್ಬ
ಬಸ್ ನಿಲ್ದಾಣದಲ್ಲಿ ಇಳಿದಿರುತ್ತಾನೆ.
ಬೆಲೆ? ಒಂದು ಪೊಟ್ಟಣ ಚಿಪ್ಸಿಗಿಂತ ಕಡಿಮೆ.

ವರದಿಗೆ ನನ್ನ ಹತ್ತಿರ ಪದಗಳಿವೆ:
ತೂಕಡಿಕೆ, ಉಸಿರಿನ ಇಳಿತ, ನೆನಪಿನ ಲೋಪ.
ಲೋಪ, ಅಂದರೆ ಸಂಧಿಯಲ್ಲಿ ಆಗುವಂಥದೇ:
ಗುರುವಾರವೂ ಭಾನುವಾರವೂ ಕೂಡಿಕೊಂಡು
ನಡುವಿನದು ಸದ್ದಿಲ್ಲದೆ ಬಿದ್ದುಹೋಗಿದೆ,
ಓದುವವನಿಗೆ ತಡವರಿಕೆಯೇ ಇಲ್ಲ.

'ಅಮ್ಮನದು ಯಾವತ್ತು? ಶೂಗೆ ಪಾಲಿಶ್ ಹಾಕಬೇಕು.'
ಶೂವಿನ ಅಡಿಯಲ್ಲಿ ಆ ಗುಂಡಿಯ ಮಣ್ಣು ಒಣಗಿದೆ.
ನಿನ್ನೆ ಹೇಳಿದ್ದೆ. ಆಗಷ್ಟೇ ಸತ್ತಳೆಂಬಂತೆ ಅತ್ತಿದ್ದ.
ಮೊನ್ನೆಯೂ.

ಇವತ್ತು ಹೇಳುವುದಿಲ್ಲ. ಕೆಟಲ್ ಇಟ್ಟು
ಅಂಗೈ ಚಾಚುತ್ತೇನೆ, ಹಗ್ಗ ಎಳೆದುಕೊಂಡು ಹೋದ ಗೆರೆ.
'ನಿಂದು ತೋರಿಸು.'
ತೋರಿಸುತ್ತಾನೆ. ಅಲ್ಲೂ ಇದೆ, ನನ್ನದಕ್ಕಿಂತ ಕೆಂಪಗೆ.

ಬಹಳ ಹೊತ್ತು ಅದನ್ನೇ ನೋಡಿದ.
ನೀರು ಕುದಿದು, ಕೆಟಲ್ ತಾನಾಗಿ ಆರಿತು.
'ನಾನು ಬಿಟ್ಟೆನಾ,' ಅಂದ, 'ಇಲ್ಲ ಜಾರಿತಾ?'