ಫೀಸಿಲ್ಲದ ಫೈಲು

ತೆಕ್ಕಲಕೋಟೆ ಮೇಡಂ ಆಫೀಸಿನಲ್ಲಿ ಎರಡು ಲೆಕ್ಕ.
ಉದ್ದನೆಯ ರಿಜಿಸ್ಟರು ಅದಿರಿನವರದು, ಬ್ಯಾಂಕಿನವರದು,
ಪರ್ಮಿಟ್ಟಿನ ಹೊಟ್ಟೆಯಲ್ಲಿ ಪರ್ಮಿಟ್ಟು ಹುಟ್ಟಿಸಿದವರದು.
ಅದರಲ್ಲಿ ನಾನು ಬರೆದ ಸೊನ್ನೆಗಳಿಂದಲೇ
ಗಾಂಧಿನಗರದ ಈ ಮಾಳಿಗೆ ಎದ್ದದ್ದು,
ನನ್ನ ಮಗಳು ನರ್ಸಿಂಗ್ ಓದಿದ್ದು.
ಇನ್ನೊಂದು, ನೂರು ಹಾಳೆಯ ಶಾಲೆ ನೋಟ್‌ಬುಕ್ಕು.
ಫೀಸಿನ ಕಾಲಮ್ಮಿನಲ್ಲಿ ಬರೀ ಗೀಟು.
ಇಪ್ಪತ್ತಾರು ವರ್ಷಕ್ಕೆ ಹನ್ನೊಂದು ನೋಟ್‌ಬುಕ್ಕಾದವು.

"ಮಾಬುಸಾಬ, ಗೀಟು ನೆಟ್ಟಗ ಹಾಕ್ರಿ. ಅದೂ ಲೆಕ್ಕಾನ."

ಬಾರ್ ರೂಮಿನಲ್ಲಿ ಚಹಾ ಹೀರುತ್ತ ನಗುತ್ತಾರೆ:
ಮುಂಜಾನೆ ಕಳ್ಳರಿಗೆ ಛತ್ರಿ, ಸಂಜೆಗೆ ಧರ್ಮದ ಅಂಗಡಿ.
ಮೇಡಂ ಕೋಟಿನ ಕೆಂಧೂಳು ಕೊಡವುತ್ತ ಅನ್ನುತ್ತಾರೆ,
"ಛತ್ರಿ ಒಂದೇ ಐತ್ರಿ. ಯಾರಿಗೆ ಹಿಡಿದ್ರೂ
ನೋಯೋದು ಇದೇ ಕೈ."

ಹೊನ್ನೂರಮ್ಮ ಬಂದದ್ದು ಜೂನ್ ತಿಂಗಳ ಒಂದು ಸೋಮವಾರ,
ಮೊಣಕೈತನಕ ನೀಲಿ.
ಹನ್ನೆರಡು ವರ್ಷದಿಂದ ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ
ಬ್ಲೀಚಿನ ತೊಟ್ಟಿಗೆ ಕೈ ಇಳಿಬಿಟ್ಟವಳು.
ಸೆರಗಿನ ಗಂಟಿನಲ್ಲಿ ಒಂದು ನೋಟೀಸು:
ಗುಜರಿ ಕಬ್ಬಿಣದ ಕಂಪನಿಯೊಂದರ ಒಡತಿ ನೀವು,
ತೆರಿಗೆ ಬಾಕಿ ನಾಲ್ಕು ಕೋಟಿ ಹನ್ನೆರಡು ಲಕ್ಷ.
"ಅಷ್ಟಂದ್ರ ಎಷ್ಟು ಪ್ಯಾಂಟು ಆಗ್ತಾವ್ರೀ?"
ಪ್ಯಾಂಟಿಗೆ ಮೂರು ರೂಪಾಯಿ ಕೂಲಿ. ಗುಣಿಸಿ ಹೇಳಿದೆ.
ಒಂದು ಕೋಟಿ ಮೂವತ್ತೇಳು ಲಕ್ಷ ಪ್ಯಾಂಟು.
ಅವಳು ತನ್ನ ಕೈ ನೋಡಿಕೊಂಡಳು.

ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿದೆ, ಮೂರು ಸಲ.
ಮೂರು ಸಲವೂ ಮಸಿಯ ಕಲೆ ಮಾತ್ರ. ಗೆರೆಯಿಲ್ಲ.
ಶಾಯಿ ಸರಿಯಿಲ್ಲವೆಂದು ಪ್ಯಾಡನ್ನೇ ಬೈದೆ.

ಮೇಡಂ ಬಿಲ್ಲುಗಳನ್ನು ಒಂದೊಂದೇ ತಿರುವಿದರು.
ನಂಬರಿನ ಮುಂದೆ ಒಂದು ಸಣ್ಣ ಓರೆಗೆರೆ,
ಕೊನೆಗೆ ಯಾವಾಗಲೂ ಏಳು.
ಆ ಕೈಚಳಕ ನನಗೂ ಗೊತ್ತು.
ಎಂಟು ವರ್ಷದ ಹಿಂದೆ ಉದ್ದನೆಯ ರಿಜಿಸ್ಟರಿನಲ್ಲಿ
ಅವನ ಹೆಸರು ಬರೆದವನು ನಾನು,
ಬಿಡಿಸಿ ತಂದವರು ಅವರು.
ಕನ್ನಡಕ ತೆಗೆದಿಟ್ಟರು.
"ಗೊತ್ತಿದ್ದದ್ದು ಗೊತ್ತಿಲ್ಲ, ಮಾಬುಸಾಬ.
ನನ್ನ ನಂಬಿ ಹೇಳಿದ್ದು ನನ್ನ ಹೊಟ್ಟಿಯೊಳಗ ಇರಬೇಕು."
ಹಳೇ ಫೈಲುಗಳ ಕಪಾಟಿಗೆ ಬೀಗ ಹಾಕಿ ಕೀಲಿ ನನಗೆ ಕೊಟ್ಟರು.
"ಈ ಕೇಸು ಮುಗಿಯೋತನಕ ಕೊಡಬ್ಯಾಡ್ರಿ.
ನಾನು ಕೇಳಿದ್ರೂ."

ಒಂದು ನಡುರಾತ್ರಿ ಫೋನು.
"ಕೀಲಿ ಐತಿಲ್ಲ?"
ಐತ್ರೀ, ಅಂದೆ.
ಇಟ್ಟುಬಿಟ್ಟರು.

ಮರುದಿನ ಆ ವಕಾಲತ್ತನ್ನು ಕಿಟಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತು ನಿಂತಿದ್ದರು.
"ಹೊನ್ನೂರಮ್ಮ, ರೇಷನ್ ತರೋದು ಹೆಂಗ?"
"ಎಲ್ಲಿ ತರ್ಲಿ ಮೇಡಂ,
ಮಿಷಿನ್ನು ನನ್ನ ಬೆಟ್ಟು ಒಪ್ಪವಲ್ದು,
ಕೆಂಪು ಲೈಟು ಬರ್ತೈತಿ.
ಎರಡು ವರ್ಷ ಆತು, ನನ್ನ ಪಾಲಿನ ಅಕ್ಕಿ ಬ್ಯಾರೆಯವ್ರು ಒಯ್ತಾರ."

ಕೌಲ್‌ಬಜಾರಿನ ನ್ಯಾಯಬೆಲೆ ಅಂಗಡಿಗೆ ಹೋಗಿ
ಇಪ್ಪತ್ತೆರಡು ತಿಂಗಳ ತಿರಸ್ಕಾರದ ಚೀಟಿ ತಂದೆ.
ಐದು ಕಿಲೋ ಅಕ್ಕಿಗೆ ಸಲ್ಲದ ಬೆರಳು
ಕಂಪನಿ ತೆರೆಯಲು ಹೇಗೆ ಸಂದಿತು ಸ್ವಾಮೀ?
ಅಷ್ಟೇ ಕೇಳಿದರು ಮೇಡಂ. ದನಿ ಏರಿಸಲಿಲ್ಲ.
ಅಧಿಕಾರಿ ತನ್ನದೇ ಯಂತ್ರ ತರಿಸಿದ.
ಹೊನ್ನೂರಮ್ಮ ಬೆಟ್ಟಿಟ್ಟಳು. ಕೆಂಪು.
ಸೀರೆಗೆ ಒರೆಸಿ ಇನ್ನೊಮ್ಮೆ ಇಟ್ಟಳು, ತಪ್ಪು ತನ್ನದೇ ಎಂಬಂತೆ.
ಕೆಂಪು.

ತೀರ್ಪು ಇನ್ನೂ ಬಂದಿಲ್ಲ.
ಆದರೆ ಬಿಲ್ಲುಗಳ ಜಾಡು ಹಿಡಿದು ಇಲಾಖೆ
ತಾನಾಗಿಯೇ ಅವನ ಬಾಗಿಲಿಗೆ ಹೋಗಿದೆ.
ನಿನ್ನೆ ಅವನದೇ ಫೋನು:
"ಮಾಬುಸಾಬ್ರೇ, ಫೀಸು ಮೇಡಂ ಹೇಳಿದಷ್ಟು."
ಮೇಡಂ ಎದುರಿಗೇ ಇದ್ದರು. ತಲೆಯಾಡಿಸಿದರು, ಇಲ್ಲವೆಂದು.
ಆಮೇಲೆ ಇಬ್ಬರು ಒಳ್ಳೆಯ ವಕೀಲರ ನಂಬರು
ಚೀಟಿಯಲ್ಲಿ ಬರೆದುಕೊಟ್ಟರು, ಅವನಿಗೆ ಹೇಳಲು.

ಉದ್ದನೆಯ ರಿಜಿಸ್ಟರು ತೆರೆದು ಅವನ ಹೆಸರು ಬರೆದೆ.
ಫೀಸಿನ ಕಾಲಮ್ಮಿನಲ್ಲಿ, ಆ ರಿಜಿಸ್ಟರಿನಲ್ಲಿ ಮೊದಲ ಸಲ,
ಒಂದು ಗೀಟು. ಕೈ ನಡುಗಿತು, ಸೊಟ್ಟಗಾಯಿತು.
ಮೇಡಂ ನೋಡಿದರು. ಏನೂ ಅನ್ನಲಿಲ್ಲ.

ಮುಂದಿನ ವಾಯಿದೆ ಹದಿನಾಲ್ಕಕ್ಕೆ.
ಕೀಲಿ ಇನ್ನೂ ನನ್ನ ಜೇಬಿನಲ್ಲೇ ಇದೆ.