ಗಮನಕ್ಕೆ

ಉಪ್ಪಳದಿಂದ ಕಾಸರಗೋಡಿಗೆ ಇದು ಮೂರನೇ ಸಲ.
ಸರ್ಟಿಫಿಕೇಟಿನ ಫಾರ್ಮು ಮಲಯಾಳದಲ್ಲಿ;
ಅಕ್ಷರ ಅಕ್ಷರ ಬಿಡಿಸಿ ಓದುತ್ತೇನೆ,
ತಪ್ಪು ಹೊಲಿಗೆ ಬಿಚ್ಚಿದ ಹಾಗೆ.

ಡಾಕ್ಟರು ಹೇಳಿದ್ದರು: ಮನೆಯಲ್ಲಿ ಒಂದೇ ಭಾಷೆ ಆಡಿ.
ಯಾವುದು ಸ್ವಾಮೀ?
ಅತ್ತೆ ಬೈಯುವ ತುಳುವೇ, ನಾನು ಅಳುವ ಕನ್ನಡವೇ,
ಯಾರಿಗೂ ಕೊಡದ ಉಗುರನ್ನು ಇವನು ಕೊಡುವಾಗ
ಪಕ್ಕದ್ಮನೆ ಬೀಫಾತುಮ್ಮ ಪಿಸುಗುಡುವ
ಆ ಬ್ಯಾರಿಯೇ?

ಗುಮಾಸ್ತ ತಲೆಯೆತ್ತದೆ ಅಂದ:
"ಹುಡುಗ ಚೆನ್ನಾಗೇ ಇದ್ದಾನಲ್ಲ."
ಹತ್ತು ವರ್ಷದಿಂದ ಹೊಲಿದಿಟ್ಟ ಉತ್ತರ
ಗಂಟಲಲ್ಲೇ ಗಂಟು ಬಿತ್ತು.

ಆಗ ಮನ್ವಿತ,
ಎರಡೂ ಕಿವಿ ಮುಚ್ಚಿಕೊಂಡೇ,
ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ, ಸ್ಪಷ್ಟ:
"ಯಾತ್ರಕ್ಕಾರುಡೆ ಶ್ರದ್ಧಕ್ಕ್..."

ಇಡೀ ಸಾಲು ತಿರುಗಿತು.
ಗುಮಾಸ್ತನೂ.
ಗಾಡಿ ನಂಬರು ಪೂರ್ತಿ ಹೇಳಿ ಮುಗಿಸಲಿ ಎಂದು
ನಾನು ಉಶ್ಶೆನ್ನಲಿಲ್ಲ.